ಉಸಿರು ಬಿಡು ಅಂದೆ, ಆ ಹುಡುಗಿ ಇನ್ನೂ ಬೇಗ ಬಿದ್ದಳು

ಈ ಪ್ರಕರಣ ಬರೆಯಲು ಎರಡು ಕಾರಣ. ಒಂದು, ರಕ್ತ, ಗಾಯ, ಸೂಜಿ ಕಂಡರೆ ತಲೆ ತಿರುಗಿ ಬೀಳುವವರು ಆಪ್ತಸಲಹೆಗಾರಳಾದ ನನ್ನ ಹತ್ತಿರ ಪದೇ ಪದೇ ಬರುತ್ತಾರೆ. ರಕ್ತದಾನ ಶಿಬಿರದಲ್ಲಿ ಬಿದ್ದ ಹುಡುಗ, ಮಗುವಿಗೆ ಕಿವಿ ಚುಚ್ಚಿಸುವಾಗ ಕುಸಿದ ಅಪ್ಪ, ಸೂಜಿ ನೋಡಿದರೇ ಬೆವರುವ ಹೆಂಗಸು. ಇನ್ನೊಂದು, ಈ ಹುಡುಗಿಗೆ ನಾನು ಮೊದಲು ಕೊಟ್ಟ ಸಲಹೆ ತಪ್ಪಾಗಿತ್ತು. ಹೆಸರು, ಊರು, ಒಂದೆರಡು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಇದೆ.

ಅವಳನ್ನು ಶೋಭಾ ಎನ್ನೋಣ. ಕೋಲಾರದಲ್ಲಿ ನರ್ಸಿಂಗ್ ಮೊದಲ ವರ್ಷ. ಮನೆ ಶ್ರೀನಿವಾಸಪುರದ ಕಡೆ, ಟೊಮೆಟೊ ಬೆಳೆಯುವ ಕುಟುಂಬ. ವಾರ್ಡಿಗೆ ಹೋದ ಮೊದಲ ವಾರವೇ, ಒಬ್ಬರ ಕಾಲಿನ ಗಾಯದ ಡ್ರೆಸ್ಸಿಂಗ್ ಬಿಚ್ಚುವಾಗ ಕಣ್ಣು ಕತ್ತಲೆ ಬಂದು ಬಿದ್ದಳು. ತಿಂಗಳಲ್ಲಿ ಮೂರು ಸಲ ಹೀಗಾಯಿತು. ಜೊತೆಯ ಹುಡುಗಿಯರು ನಕ್ಕರು. "ಇಷ್ಟು ಪುಕ್ಕಲಿ ಯಾಕೆ ಇದಕ್ಕೆ ಸೇರಿದೆ?" ಅಂತ ಅಮ್ಮನೇ ಕೇಳಿದರು. ಓದು ಬಿಡಿಸಿ ಮದುವೆ ಮಾಡುವ ಮಾತೂ ಮನೆಯಲ್ಲಿ ಶುರುವಾಗಿತ್ತು.

ಮೊದಲ ಭೇಟಿಯಲ್ಲಿ ನಾನು ಎಲ್ಲ ಭಯಗಳಿಗೂ ಹೇಳುವುದನ್ನೇ ಹೇಳಿದೆ. ಕಣ್ಣು ಮುಚ್ಚು, ನಿಧಾನ ಉಸಿರು ಎಳೆದು ಬಿಡು, ಭುಜ ಸಡಿಲ ಮಾಡು, ಮೈಯೆಲ್ಲ ಹಗುರ ಬಿಡು. ಲಿಫ್ಟಿನ ಭಯ, ನಾಯಿಯ ಭಯ, ಪರೀಕ್ಷೆಯ ಭಯ ಇರುವವರಿಗೆ ಇದರಿಂದ ಅನುಕೂಲ ಆಗಿದ್ದನ್ನು ಕಂಡಿದ್ದೇನೆ. ಶೋಭಾ ಜಾಣ ಹುಡುಗಿ, ಎಲ್ಲವನ್ನೂ ಬರೆದುಕೊಂಡು ಹೋದಳು.

ಹತ್ತು ದಿನ ಬಿಟ್ಟು ಬಂದಳು. ಹುಬ್ಬಿನ ಮೇಲೆ ಪ್ಲಾಸ್ಟರ್ ಇತ್ತು.

"ನೀವು ಹೇಳಿದ ಹಾಗೇ ಮಾಡಿದೆ ಮೇಡಂ. ಉಸಿರು ಬಿಟ್ಟೆ, ಮೈ ಸಡಿಲ ಬಿಟ್ಟೆ. ಈ ಸಲ ಇನ್ನೂ ಬೇಗ ಬಿದ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: "ನಂಗೆ ಅಂಥಾ ಭಯ ಏನೂ ಆಗಲ್ಲ ಮೇಡಂ. ಗಾಯ ನೋಡಬೇಕು ಅಂತಾನೇ ಇರುತ್ತೆ. ಆದ್ರೆ ಮೈ ಕೇಳಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳು ನನ್ನ ಮಾತು ಕೇಳಿದ್ದಕ್ಕೇ ಹುಬ್ಬಿಗೆ ಪೆಟ್ಟಾಗಿತ್ತು. ಮೈ ಕೇಳಲ್ಲ ಅನ್ನುವ ಮಾತನ್ನು ನಾನು ಮೊದಲ ದಿನವೇ ಅವಳ ಬಾಯಿಂದ ಹೊರಡಿಸಬೇಕಿತ್ತು. ಓದಬೇಕಾದ್ದನ್ನು ಮತ್ತೆ ಕೂತು ಓದಿದೆ. ಪರಿಚಯದ ವೈದ್ಯರ ಹತ್ತಿರ ಹೋಗಿ ಕೇಳಿಕೊಂಡೆ. ಅವರು ಮೊದಲು ಇಸಿಜಿ, ಹಿಮೋಗ್ಲೋಬಿನ್, ಮಲಗಿದಾಗ ಮತ್ತು ಎದ್ದು ನಿಂತಾಗಿನ ಬಿಪಿ ಎಲ್ಲ ನೋಡಿದರು. ಯಾವ ತೊಂದರೆಯೂ ಕಾಣಲಿಲ್ಲ. ಆಮೇಲೆ ಮೂರನೇ ಭೇಟಿಯನ್ನು ಅವರ ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡೆವು. ಶೋಭಾ ಜೊತೆ ಅವಳ ಅಪ್ಪನೂ ಬಂದಿದ್ದರು.

ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಮಂಚದ ಅಂಚಿನಲ್ಲಿ ಕೂರಿಸಿ, ಅವಳದೇ ಪಠ್ಯಪುಸ್ತಕದ ಗಾಯದ ಚಿತ್ರ ತೋರಿಸಿದೆವು. ಶುರುವಿನಲ್ಲಿ ಬಿಪಿ 112/72, ನಾಡಿ 78. ಚಿತ್ರ ನೋಡುತ್ತಿದ್ದ ಹಾಗೆ ಬಿಪಿ 130ರ ಹತ್ತಿರ, ನಾಡಿ 100 ದಾಟಿತು. ಇಲ್ಲಿಯವರೆಗೆ ಯಾವ ಭಯದಲ್ಲಾದರೂ ಆಗುವುದೇ. ಎರಡು ನಿಮಿಷ ಕಳೆದಿರಬೇಕು, ಮುಖ ಬಿಳುಚಿತು, ಆಕಳಿಕೆ ಬಂತು, ಹಣೆಯಲ್ಲಿ ತಣ್ಣನೆ ಬೆವರು. ಬಿಪಿ 86/50. ನಾಡಿ 54. ತಕ್ಷಣ ಮಲಗಿಸಿ ಕಾಲಡಿಗೆ ದಿಂಬು ಇಟ್ಟೆವು. ಸ್ವಲ್ಪ ಹೊತ್ತಿಗೆ ಸರಿಯಾದಳು.

ಅಪ್ಪ ಗಾಬರಿಯಾಗಿದ್ದರು. "ಏನಾಯ್ತು ಮೇಡಂ ಇದು?" ಅಂದರು. ನನಗೆ ಅವರ ಹೊಲ ನೆನಪಾಯಿತು.

"ಯಜಮಾನರೇ, ಡ್ರಿಪ್ ಪೈಪಲ್ಲಿ ಪ್ರೆಷರ್ ಕಡಿಮೆ ಆದರೆ ಏನು ಮಾಡ್ತೀರಿ?"

"ಮೋಟರ್ ನೋಡ್ತೀವಿ. ಮೋಟರ್ ಸರಿಯಿದ್ರೆ ಎರಡು ಕಡೆ ವಾಲ್ ಮುಚ್ತೀವಿ. ಉಳಿದ ಸಾಲಿಗೆ ನೀರು ಜೋರಾಗಿ ಬರುತ್ತೆ."

ನಮ್ಮ ನರಗಳು ದಿನವಿಡೀ ಮಾಡುವ ಕೆಲಸವೂ ಅದೇ. ಕತ್ತಿನ ಎರಡೂ ಪಕ್ಕ ದೊಡ್ಡ ರಕ್ತನಾಳ ಕವಲೊಡೆಯುವ ಜಾಗದಲ್ಲಿ, ಮತ್ತೆ ಹೃದಯದಿಂದ ಹೊರಟ ಮಹಾಧಮನಿ ಬಾಗುವ ಜಾಗದಲ್ಲಿ, ಒತ್ತಡ ಅಳೆಯುವ ನರತುದಿಗಳಿವೆ. ಪ್ರತಿ ಬಡಿತಕ್ಕೂ ಮೆದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ. ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ಒತ್ತಡ ತಗ್ಗಿತು ಎಂಬ ಸುದ್ದಿ ಮುಟ್ಟಿದ್ದೇ ತಡ, ಹೃದಯಕ್ಕೆ ಬ್ರೇಕ್ ಹಾಕುವ ವೇಗಸ್ ನರ ಹಿಡಿತ ಬಿಡುತ್ತದೆ, ನಾಡಿ ಏರುತ್ತದೆ. ಇನ್ನೊಂದು ಗುಂಪಿನ ನರಗಳು ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಮೋಟರ್ ಜೋರು, ವಾಲ್ ಬಿಗಿ. ಒತ್ತಡ ಜಾಸ್ತಿಯಾದರೆ ಇದೇ ಕೆಲಸ ಉಲ್ಟಾ ನಡೆಯುತ್ತದೆ. ಅಂದರೆ ಬಿಪಿ ಬಿದ್ದಾಗ ನಾಡಿ ಏರಬೇಕು, ಅದು ನಿಯಮ. ಶೋಭಾಗೆ ಎರಡೂ ಒಟ್ಟಿಗೇ ಬಿದ್ದವು.

"ಹಂಗಾದ್ರೆ ಮೋಟರೂ ನಿಧಾನ ಆಗಿ, ವಾಲೂ ಪೂರ್ತಿ ತೆರೆದಂಗೆ," ಅಂದರು ಅಪ್ಪ. ನಾನು ಇಡೀ ವಾರ ಹುಡುಕಿದ ಮಾತು ಅದು.

ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ 1932ರಲ್ಲಿ ಈ ಬಗೆಯ ಮೂರ್ಛೆಗೆ ವೇಸೋವೇಗಲ್ ಎಂದು ಹೆಸರಿಟ್ಟರು. ವೇಸೋ ಅಂದರೆ ರಕ್ತನಾಳದ್ದು, ವೇಗಲ್ ಅಂದರೆ ವೇಗಸ್ ನರದ್ದು. ವೇಗಸ್ ನರದ ಬ್ರೇಕ್ ತಡೆಯುವ ಅಟ್ರೋಪಿನ್ ಎಂಬ ಔಷಧಿ ಕೊಟ್ಟರೆ ನಾಡಿಯೇನೋ ಏರುತ್ತದೆ, ಆದರೆ ಬಿಪಿ ತಗ್ಗಿದ ಹಾಗೇ ಇರುತ್ತದೆ ಎಂದು ಅವರು ಗಮನಿಸಿದ್ದರು. ಮೋಟರ್ ಒಂದನ್ನೇ ಸರಿಮಾಡಿದರೆ ಸಾಲದು, ವಾಲ್ ಕಡೆಗೂ ನೋಡಬೇಕು ಎಂಬುದು ಅದರಿಂದ ತಿಳಿಯುತ್ತದೆ.

ಈಗ ನನ್ನ ತಪ್ಪು ನಿಮಗೂ ಕಾಣುತ್ತಿರಬೇಕು. ನಾಯಿಗೆ ಹೆದರುವವರ ಬಿಪಿ ಏರಿ ಮೇಲೆಯೇ ನಿಲ್ಲುತ್ತದೆ, ಮೈ ಸಡಿಲ ಬಿಟ್ಟರೆ ಅವರಿಗೆ ಹಿತ. ರಕ್ತ ಕಂಡರೆ ಬೀಳುವವರ ಬಿಪಿ ಏರಿ ಕುಸಿಯುತ್ತದೆ. ಕುಸಿಯುವ ಹೊತ್ತಿಗೆ ಮೈ ಸಡಿಲ ಬಿಡು ಅನ್ನುವುದು, ತೆರೆದ ವಾಲನ್ನು ಇನ್ನಷ್ಟು ತೆರೆದ ಹಾಗೆ.

ಆಮೇಲೆ ಶೋಭಾಗೆ ಕೊಟ್ಟ ಹೊಸ ಸಲಹೆ ಇದು. ತೋಳು, ಎದೆ, ತೊಡೆ, ಮೀನಖಂಡದ ಸ್ನಾಯುಗಳನ್ನು ಗಟ್ಟಿಯಾಗಿ ಬಿಗಿ ಹಿಡಿ. ಹತ್ತು ಹದಿನೈದು ಸೆಕೆಂಡಿಗೆ ಮುಖ ಬೆಚ್ಚಗಾಗುತ್ತದೆ. ಆಗ ಬಿಡು, ಆದರೆ ಪೂರ್ತಿ ಸಡಿಲ ಬೇಡ, ಮಾಮೂಲಿ ಸ್ಥಿತಿಗೆ ಬಂದರೆ ಸಾಕು. ಇಪ್ಪತ್ತು ಮೂವತ್ತು ಸೆಕೆಂಡು ಬಿಟ್ಟು ಮತ್ತೆ ಬಿಗಿ ಹಿಡಿ. ಹೀಗೆ ಐದು ಸಲ ಮಾಡಬೇಕು, ದಿನಕ್ಕೆ ಐದು ಹೊತ್ತು. ಉಸಿರು ಕಟ್ಟಬಾರದು. ಬಿಗಿದ ಸ್ನಾಯು ಕಾಲಿನ ರಕ್ತವನ್ನು ಮೇಲಕ್ಕೆ ಹಿಂಡುತ್ತದೆ, ಬಿಪಿ ಏರುತ್ತದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮೊದಲು ಚಿತ್ರ, ಆಮೇಲೆ ವಿಡಿಯೊ, ಆಮೇಲೆ ನಿಜವಾದ ಗಾಯ. ತಲೆ ಹಗುರ ಆಗುವ ಮೊದಲ ಸುಳಿವಿಗೇ ಬಿಗಿ ಹಿಡಿಯಬೇಕು.

ಆಪ್ತಸಲಹೆಗಾರಳು ಮೈಗೆ ವ್ಯಾಯಾಮ ಯಾಕೆ ಹೇಳಿಕೊಡಬೇಕು ಎಂದು ಪರಿಚಯದವರೊಬ್ಬರು ನನ್ನನ್ನು ಕೇಳಿದರು. ಈ ಹುಡುಗಿಯ ಸಂಕಟ ಶುರುವಾದದ್ದೇ ಮೈಯಲ್ಲಿ. ಅವಳ ಮನಸ್ಸಿಗೆ ಧೈರ್ಯ ಹೇಳುತ್ತಾ ಕೂತಿದ್ದರೆ, ತಾನು ಪುಕ್ಕಲಿ ಎಂಬ ಮಾತನ್ನು ಅವಳು ಇನ್ನೂ ಗಟ್ಟಿಯಾಗಿ ನಂಬುತ್ತಿದ್ದಳು. ವೈದ್ಯರು ನೋಡದೆ ನಾನು ಇದನ್ನು ಯಾರಿಗೂ ಹೇಳಿಕೊಡುವುದಿಲ್ಲ. ಬಿಪಿ ಜಾಸ್ತಿ ಇರುವವರು, ಹೃದಯದ ತೊಂದರೆ ಇರುವವರು, ಬಸುರಿಯರು ತಾವಾಗಿ ಮಾಡಿಕೊಳ್ಳಬಾರದು. ಓಡುವಾಗ, ಮಲಗಿದ್ದಾಗ ಅಥವಾ ಎದೆನೋವಿನ ಜೊತೆ ಪ್ರಜ್ಞೆ ತಪ್ಪಿದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡಿದ್ದರೆ, ಮೊದಲು ಹೃದಯದ ವೈದ್ಯರ ಹತ್ತಿರ ಹೋಗಬೇಕು.

ಅಮ್ಮನಿಗೂ ಒಂದು ಮಾತು ಹೇಳಿದೆ. ಒಂದು ತಿಂಗಳು ಮದುವೆ, ಕಾಲೇಜು ಬಿಡಿಸುವುದು ಯಾವುದನ್ನೂ ತೀರ್ಮಾನ ಮಾಡಬೇಡಿ. ಮಗಳು ಬಿದ್ದರೆ ಎಬ್ಬಿಸಿ ಕೂರಿಸಬೇಡಿ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ, ಬಿದ್ದವರನ್ನು ಎತ್ತಿ ಗೋಡೆಗೆ ಒರಗಿಸಿ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. ಎತ್ತಿ ಕೂರಿಸಿದರೆ ತಲೆಗೆ ರಕ್ತ ಸೇರುವುದು ಇನ್ನೂ ತಡ. ಮಲಗಿಸಿ, ಕಾಲು ಎತ್ತರಕ್ಕೆ ಇಡಿ, ಸಾಕು. ನಿಮಿಷದೊಳಗೆ ಎಚ್ಚರ ಆಗದಿದ್ದರೆ ಆಸ್ಪತ್ರೆಗೆ.

ಮುಂದಿನ ವಾರ ಅದೇ ಚಿತ್ರ, ಅದೇ ಮಂಚ. ಶೋಭಾ ಹಲ್ಲು ಕಚ್ಚಿ ತೊಡೆ ಬಿಗಿ ಹಿಡಿದಳು. ಬಿಪಿಯ ಮೇಲಿನ ಅಂಕಿ 110ಕ್ಕಿಂತ ಕೆಳಗೆ ಬರಲಿಲ್ಲ. ಅವಳು ಯಂತ್ರವನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ನೀರು. ಆರನೇ ವಾರದಲ್ಲಿ ಡ್ರೆಸ್ಸಿಂಗ್ ಮುಗಿಯುವವರೆಗೂ ನಿಂತಿದ್ದಳು. ಒಮ್ಮೆ ಮಾತ್ರ ತಲೆ ತಿರುಗಿತಂತೆ, ಸಿಸ್ಟರಿಗೆ ಹೇಳಿ ಕೂತು, ಬಿಗಿ ಹಿಡಿದು, ಮತ್ತೆ ಎದ್ದಳಂತೆ.

ಕೊನೆಯ ಭೇಟಿಗೂ ಅಪ್ಪ ಬಂದಿದ್ದರು. ಮಗಳು ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ನಂದೂ ಅದೇ ಕತೆ ಮೇಡಂ. ಕುರಿ ಕೊಯ್ಯೋ ಕಡೆ ನಿಂತೋನೇ ಅಲ್ಲ ನಾನು. ಶುಗರ್ ಟೆಸ್ಟ್ ಮಾಡಿಸು ಅಂತ ಡಾಕ್ಟರ್ ಬರೆದುಕೊಟ್ಟು ಮೂರು ವರ್ಷ ಆಯ್ತು. ಚೀಟಿ ಬೀರುವಿನಲ್ಲೇ ಐತೆ." ಈ ತೊಂದರೆ ಹತ್ತಿರದ ನೆಂಟರಲ್ಲೂ ಇರುವುದು ಮಾಮೂಲು. ನಾನು ಮೊದಲ ದಿನವೇ ಕೇಳಬಹುದಿತ್ತು.

ಅವತ್ತೇ ವೈದ್ಯರನ್ನು ಕೇಳಿ ಲ್ಯಾಬಿಗೆ ಕಳಿಸಿದೆವು. ಮಗಳೇ ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು: "ಸೂಜಿ ಚುಚ್ಚೋ ಕೈ ಸಡಿಲ ಬಿಡಪ್ಪಾ, ಕಾಲು ಮಾತ್ರ ಬಿಗಿ ಹಿಡಿ." ಅವರು ಮಲಗಿಕೊಂಡೇ ರಕ್ತ ಕೊಟ್ಟರು, ಪ್ರಜ್ಞೆ ತಪ್ಪಲಿಲ್ಲ. ವರದಿಯಲ್ಲಿ ಸಕ್ಕರೆ ಜಾಸ್ತಿ ಇತ್ತು. ಮಾತ್ರೆ ಶುರುವಾಗಿದೆ.