ವ್ಯಾನಿಗೆ ರನ್-ಫ್ಲಾಟ್ ಟೈರ್ ಹಾಕಿಸಬಹುದೇ?

ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಟ್ಟ ಹತ್ತುವ ಮಾರುತಿ ಈಕೋಗೆ ರನ್-ಫ್ಲಾಟ್ ಹಾಕಿಸಿದರೆ ಪಂಚರ್ ಭಯ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಹಾಕಿಸಬೇಡಿ ಎನ್ನುತ್ತೇನೆ.

ಈ ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ, ದಪ್ಪ, ಬಿರುಸು. ಗಾಳಿ ಪೂರ್ತಿ ಹೋದರೂ ಗಾಡಿಯ ಭಾರವನ್ನು ಅದೇ ಹೊರುತ್ತದೆ; ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ಹೋಗಬಹುದು. ಅಪಾಯ ಇರುವುದೂ ಅಲ್ಲೇ. ಟೈರ್ ಚಪ್ಪಟೆಯಾಗುವುದಿಲ್ಲವಾದ್ದರಿಂದ ಗಾಳಿ ಹೋದದ್ದು ನಿಮಗೆ ತಿಳಿಯುವುದಿಲ್ಲ. ಗಾಳಿಯ ಒತ್ತಡ ತೋರಿಸುವ ಸೆನ್ಸರ್ ಇಲ್ಲದ ಗಾಡಿಯಲ್ಲಿ ಹಾಗೇ ಓಡಿಸುತ್ತಾ ಹೋದರೆ ಸೈಡ್‌ವಾಲ್ ಕಾದು ಒಳಗಿನಿಂದಲೇ ಹಾಳಾಗುತ್ತದೆ. ಲೋಡ್ ತುಂಬಿದ ವ್ಯಾನಿನಲ್ಲಂತೂ ಇನ್ನೂ ಬೇಗ.

ಇವು ಬಹುಪಾಲು ಬಿಎಂಡಬ್ಲ್ಯು, ಮಿನಿಯಂಥ ಕಾರುಗಳ ದೊಡ್ಡ ಅಳತೆಗೇ ತಯಾರಾಗುತ್ತವೆ. ಈಕೋದ್ದು 13 ಇಂಚಿನ ಚಿಕ್ಕ ರಿಮ್, ಅದಕ್ಕೆ ಹೊಂದುವುದು ಸಿಗುವುದೇ ಕಷ್ಟ. ಗಾಳಿಯಿಲ್ಲದೆ ಓಡಿಸಿದ ರನ್-ಫ್ಲಾಟನ್ನು ಸಾಮಾನ್ಯವಾಗಿ ರಿಪೇರಿ ಮಾಡುವುದಿಲ್ಲ, ಹೊಸದೇ ಬೇಕು.

ಚಾರ್ಮಾಡಿ ಘಾಟಿಯ ಮಳೆಯಲ್ಲಿ ನಮ್ಮ ಗಾಡಿಗೂ ಮೊಳೆ ಹೊಕ್ಕಿತ್ತು. ಮಾಮೂಲಿ ಟ್ಯೂಬ್‌ಲೆಸ್ ಟೈರು, ಗಾಳಿ ನಿಧಾನಕ್ಕೆ ಇಳಿಯುತ್ತಿತ್ತು. ಮೊಳೆ ಕೀಳದೆ ಪಂಪಿನಲ್ಲಿ ಗಾಳಿ ತುಂಬಿ ಕೊಟ್ಟಿಗೆಹಾರಕ್ಕೆ ಬಂದೆವು.

ಹಾಗಾಗಿ ಒಳ್ಳೆಯ ಟ್ಯೂಬ್‌ಲೆಸ್ ಹಾಕಿಸಿ. ಅದರ ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಸೂಚಿಸುವ ಸಂಖ್ಯೆ) ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಕೂಡದು. 12 ವೋಲ್ಟಿನ ಗಾಳಿ ಪಂಪ್, ವಾಲ್ವಿನ ತುದಿಗೆ ತಿರುಗಿಸಿ ಕೂರಿಸುವ ಸೆನ್ಸರ್ ಕೊಳ್ಳಿ. ಸ್ಟೆಪ್ನಿಗೂ ತಿಂಗಳಿಗೊಮ್ಮೆ ಗಾಳಿ ನೋಡಿಸಿ, ಅದನ್ನೇ ಎಲ್ಲರೂ ಮರೆಯುವುದು.