ಹಳೆಯ ಕಾರಿನ ಮನೆ ರಿಪೇರಿಗೆ ಕೊನೆ ಎಂಬುದು ಉಂಟೇ?

ನಿಮ್ಮ ಪ್ರಶ್ನೆ ಇಷ್ಟು: ತಂದೆಯವರಿಂದ ಬಂದ 1998ರ ಮಾರುತಿ 800 ಕಾರನ್ನು ಎರಡು ವರ್ಷಗಳಿಂದ ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳುತ್ತಿದ್ದೀರಿ, ಒಂದು ಸರಿಹೋಯಿತು ಎನ್ನುವಷ್ಟರಲ್ಲಿ ಮತ್ತೊಂದು ಕೆಡುತ್ತದೆ, ಈಗ ರೇಡಿಯೇಟರ್ ಬದಲಿಸಿದ ವಾರದಲ್ಲೇ ಹೀಟರ್ ಪೈಪಿನಿಂದ ನೀರು ಸೋರುತ್ತಿದೆ, ಇದಕ್ಕೆ ಕೊನೆ ಉಂಟೇ, ಅಥವಾ ನಿಮ್ಮ ಕೆಲಸದಲ್ಲೇ ತಪ್ಪಿದೆಯೇ? ಸಾಗರದ ಸಮೀಪದ ನಮ್ಮ ಮನೆಯಲ್ಲಿ 1997ರ ಅದೇ ಕಾರು ಇದೆ, ಹದಿನಾಲ್ಕು ವರ್ಷಗಳಿಂದ ಅದರ ಚಾಕರಿ ನನ್ನದೇ. ಕೊನೆ ಇಲ್ಲ. ಆದರೆ ತಪ್ಪು ನಿಮ್ಮದೂ ಅಲ್ಲ, ಕಾರಿನದೂ ಅಲ್ಲ. ಕಾಲು ಶತಮಾನ ಕಂಡ ರಬ್ಬರು ಮತ್ತು ತಗಡಿನ ನಡುವೆ ಒಂದು ಹೊಸ ಭಾಗವನ್ನು ತಂದು ಕೂರಿಸಿದಾಗ, ಅಲ್ಲಿಯವರೆಗೆ ಹೇಗೋ ಹೊಂದಿಕೊಂಡಿದ್ದ ಪಕ್ಕದ ಹಳೆಯ ಭಾಗ ಸೋಲುತ್ತದೆ. ನಿಮ್ಮ ಹೀಟರ್ ಪೈಪಿಗೆ ಆದದ್ದೂ ಅದೇ.

ಮೂರು ವರ್ಷದ ಹಿಂದೆ ನಮ್ಮ ಕಾರಿನ ಮೇಲಿನ ರೇಡಿಯೇಟರ್ ಹೋಸ್ ಬಿರುಕು ಬಿಟ್ಟಿತು. ಎರಡು ಕ್ಲಿಪ್ ಸಡಿಲಿಸಿ ಅರ್ಧ ಗಂಟೆಯಲ್ಲಿ ಮುಗಿಸಬಹುದಾದ ಕೆಲಸ. ಹೋಸನ್ನು ಎಳೆದು ನೋಡಿದರೆ, ಹೋಸ್ ಕೂರುವ, ವರ್ಷಗಟ್ಟಲೆ ಬರೀ ಬಾವಿ ನೀರು ಕುಡಿದ ಎಂಜಿನ್ನಿನ ಅಲ್ಯುಮಿನಿಯಂ ಮೂತಿಯ ಅಂಚು ತಿಂದುಹೋಗಿ ಬಿಳಿ ಪುಡಿ ಉದುರುತ್ತಿತ್ತು. ಮೂತಿಯನ್ನೇ ಬದಲಿಸೋಣವೆಂದು ಸ್ಪ್ಯಾನರ್ ಹಾಕಿದಾಗ ಮೊದಲ ಬೋಲ್ಟ್ ಬಂದಿತು. ಎರಡನೆಯದು ಕಾಲು ಸುತ್ತು ತಿರುಗಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಆ ಮೆತುವನ್ನು ಕೈ ಒಮ್ಮೆ ಅರಿತರೆ ಮತ್ತೆ ಮರೆಯುವುದಿಲ್ಲ, ಏಕೆಂದರೆ ತುಂಡಾಗುವ ಮುನ್ನ ಬೋಲ್ಟ್ ಕೊಡುವ ಸೂಚನೆ ಅದೊಂದೇ. ಆಗಲೇ ನಿಲ್ಲಿಸಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಬೇಕಿತ್ತು. ನಾನು ಇನ್ನೊಂದಿಷ್ಟು ಬಲ ಹಾಕಿದೆ. ಒಳಗೆ ಉಳಿದ ತುಂಡನ್ನು ಲೇತಿನವರು ಕೊರೆದು ತೆಗೆದು ತೂತಿಗೆ ಹೊಸ ಥ್ರೆಡ್ ಹಾಕಿಕೊಡುವಷ್ಟರಲ್ಲಿ ವಾರ ಕಳೆಯಿತು. ಎಲ್ಲವನ್ನೂ ಜೋಡಿಸಿ, ಅಂಗಡಿಯವರ ಸಲಹೆಯಂತೆ ರೇಡಿಯೇಟರಿಗೆ ಹೊಸ ಮುಚ್ಚಳವನ್ನೂ ಹಾಕಿದೆ. ಮೂರನೆಯ ದಿನ ಪಕ್ಕದ ಸೀಟಿನವರ ಪಾದದ ಮೇಲೆ ಬಿಸಿ ನೀರು ತೊಟ್ಟಿಕ್ಕಿತು.

ಕಾರಣ ಆ ಮುಚ್ಚಳದಲ್ಲಿಯೇ ಇತ್ತು. ಒಳ್ಳೆಯ ಮುಚ್ಚಳ ಸುಮಾರು 0.9 ಬಾರ್ ಒತ್ತಡವನ್ನು ಹಿಡಿದಿಡುತ್ತದೆ, ಆ ಒತ್ತಡದಲ್ಲಿ ನೀರು 100 ಡಿಗ್ರಿಯ ಬದಲು 118ರ ಆಸುಪಾಸಿನಲ್ಲಿ ಕುದಿಯುತ್ತದೆ, ಎಂಜಿನ್ ತಾಳುವುದು ಇದರಿಂದಲೇ. ನಮ್ಮ ಹಳೆಯ ಮುಚ್ಚಳದ ಸ್ಪ್ರಿಂಗು ಸತ್ತು ಎಷ್ಟೋ ವರ್ಷವಾಗಿದ್ದರಿಂದ, ಎಂಜಿನ್ನಿನ ಬಿಸಿ ನೀರನ್ನು ಕಾರಿನೊಳಗಿನ ಹೀಟರಿಗೆ ಒಯ್ಯುವ ಪೈಪುಗಳ ಮೇಲೆ ಒತ್ತಡವೇ ಬಿದ್ದಿರಲಿಲ್ಲ. ಬಿದ್ದ ಕೂಡಲೇ ಅವು ಸೋತವು, ತಿಂಗಳೊಪ್ಪತ್ತಿನಲ್ಲಿ ವಾಟರ್ ಪಂಪಿನ ಸೀಲ್ ಕೂಡ ಹೋಯಿತು. ಹಾಗಾಗಿ ನೀವು ಈಗ ಸೋರುವ ಒಂದು ಪೈಪನ್ನು ಮಾತ್ರ ಬದಲಿಸಬೇಡಿ. ನೀರು ಹರಿಯುವ ಎಲ್ಲ ರಬ್ಬರನ್ನೂ, ಕ್ಲಿಪ್ಪುಗಳ ಸಮೇತ, ಒಂದೇ ಸಲಕ್ಕೆ ಹೊಸದು ಮಾಡಿ, ಬಾವಿ ನೀರಿನ ಬದಲು ಕೂಲೆಂಟ್ ತುಂಬಿಸಿ. ಎಂಜಿನ್ ಪೂರ್ತಿ ತಣಿಯುವವರೆಗೆ ಮುಚ್ಚಳಕ್ಕೆ ಕೈ ಹಾಕಬಾರದೆಂಬುದು ನಿಮಗೆ ಗೊತ್ತೇ ಇರುತ್ತದೆ, ಆದರೂ ಹೇಳುತ್ತಿದ್ದೇನೆ.

ಬ್ರೇಕಿನದೂ ಇದೇ ಕತೆ, ಅಪಾಯ ಮಾತ್ರ ಹೆಚ್ಚು. ಪೆಡಲು ತುಳಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಹೊಸದಾದರೆ ಹಿಂದಿನ ಚಕ್ರಗಳ ಸಿಲಿಂಡರಿನಲ್ಲಿರುವ ಸವೆದ ರಬ್ಬರ್ ಬಟ್ಟಲುಗಳು ಸೋರತೊಡಗುತ್ತವೆ. ಅವನ್ನೂ ಜೊತೆಯಲ್ಲೇ ಬದಲಿಸುವುದು ಲೇಸು. ಬ್ರೇಕ್ ಪೈಪುಗಳಲ್ಲಿ ಸೇರಿದ ಗಾಳಿ ತೆಗೆಯುವಾಗ ನನ್ನ ಪತ್ನಿ ಪೆಡಲಿನ ಮೇಲೆ ಕಾಲಿಟ್ಟು ಕೂರುತ್ತಾಳೆ, ನಾನು ಕೆಳಗಿನಿಂದ ‘ಒತ್ತು, ಹಿಡಿ, ಬಿಡು’ ಎನ್ನುತ್ತಿರುತ್ತೇನೆ. ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವುದು ಆ ಇಪ್ಪತ್ತು ನಿಮಿಷ ಮಾತ್ರ. ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದರೆ ಪೆಡಲಿನ ಅಡಿಗೆ ಒಂದು ಮರದ ತುಂಡನ್ನಿಡಿ. ದಿನನಿತ್ಯ ಪೆಡಲು ಅರ್ಧ ದೂರ ಮಾತ್ರ ಹೋಗುವುದರಿಂದ ಸಿಲಿಂಡರಿನ ಆಚೆಯ ಭಾಗದಲ್ಲಿ ತುಕ್ಕು, ಕಿಲುಬು ಕೂತಿರುತ್ತದೆ; ನೆಲಕ್ಕೆ ತಾಗುವಂತೆ ತುಳಿದರೆ ಒಳಗಿನ ಸೀಲ್ ಆ ಒರಟಿನ ಮೇಲೆ ಉಜ್ಜಿ ಹರಿದುಹೋಗುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಡ್ರಮ್ಮಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬರೀ ಜಾಕಿನ ನಂಬಿಕೆಯ ಮೇಲೆ ಕಾರಿನ ಕೆಳಗೆ ನುಸುಳಲೇಬೇಡಿ, ಸ್ಟ್ಯಾಂಡ್ ಕೊಂಡ ಮೇಲೆಯೇ ಕೆಲಸ.

ಪೆಟ್ರೋಲಿನ ಪೈಪುಗಳ ಬಗ್ಗೆಯೂ ಎಚ್ಚರ ಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು, ಈಗ ಬಂಕುಗಳಲ್ಲಿ ಸಿಗುವುದು ಬಹುಪಾಲು ಅದೇ. ನಮ್ಮ ಕಾಲದ ಕಾರುಗಳ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ, ಟ್ಯಾಂಕಿನ ತಳದಲ್ಲಿ ಕೂತ ಹಳೆಯ ಕೊಳೆಯನ್ನೂ ಎಥನಾಲ್ ಕದಡುತ್ತದೆ. ಎಥನಾಲ್ ತಾಳುವ ಪೈಪು ಹಾಕಿಸಿ, ಡಿಕ್ಕಿಯಲ್ಲಿ ಒಂದು ಹೆಚ್ಚುವರಿ ಪೆಟ್ರೋಲ್ ಫಿಲ್ಟರ್ ಇಟ್ಟುಕೊಳ್ಳಿ.

ಬಿಡಿಭಾಗಗಳ ವಿಷಯದಲ್ಲಿ ನಾವು ಅದೃಷ್ಟವಂತರು. 1983ರಲ್ಲಿ ಬಂದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತರೂ, ಇದೇ 796 ಸಿಸಿ ಎಂಜಿನ್ ಇದ್ದ ಓಮ್ನಿ 2019ರವರೆಗೆ ನಡೆದುದರಿಂದ ಎಂಜಿನ್ನಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇಂದಿಗೂ ಸಲೀಸಾಗಿ ಸಿಗುತ್ತದೆ. ಕಿಟಕಿಯ ಹಿಡಿ, ಬಾಗಿಲ ಬೀಡಿಂಗ್ ಮುಂತಾದವುಗಳಿಗೆ ಮಾತ್ರ ಗುಜರಿಯೇ ಗತಿ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ನಿಜವಾದ ಭಯ ಇರುವುದು ತುಕ್ಕಿನದು. ರಬ್ಬರು ಅಂಗಡಿಯಲ್ಲಿ ಸಿಗುತ್ತದೆ, ಮೈ ಸಿಗುವುದಿಲ್ಲ. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ನಾನು ತಪ್ಪದೆ ಮಾಡುವ ಕೆಲಸ ಒಂದಿದೆ: ಪ್ರತಿ ಬಾಗಿಲಿನ ಅಡಿಯ ಅಂಚಿನಲ್ಲಿರುವ ನೀರು ಇಳಿಯುವ ತೂತುಗಳಿಗೆ ತಂತಿ ಹಾಕಿ ಕೆದಕುವುದು, ವೈಪರಿನ ಕೆಳಗಿನ ಕಿಂಡಿಯಿಂದ ಕೊಳೆತ ಹಲಸಿನೆಲೆಗಳನ್ನು ತೆಗೆಯುವುದು. ಒಂದು ವರ್ಷ ಇದನ್ನು ಮರೆತದ್ದಕ್ಕೆ ಮ್ಯಾಟಿನ ಕೆಳಗೆ ನೀರು ನಿಂತು, ಚಾಲಕನ ಪಾದದ ಜಾಗದ ತಗಡು ಹಪ್ಪಳದಂತಾಗಿ, ವೆಲ್ಡಿಂಗ್ ಮಾಡಿಸಬೇಕಾಯಿತು. ವೆಲ್ಡಿಂಗನ್ನೂ ಚಕ್ರದ ಅಲೈನ್‌ಮೆಂಟನ್ನೂ ನಾನು ಮನೆಯಲ್ಲಿ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ.

ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಈ ತುಕ್ಕೇ ಹೇಳುತ್ತದೆ. ನೋಂದಣಿಯನ್ನು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ಸಮಯಕ್ಕೆ ಸರಿಯಾಗಿ ಮಾಡಿಸುತ್ತ ಬಂದಿದ್ದರೆ ನಿಮ್ಮ ಮುಂದಿನ ಸರದಿ 2028ರಲ್ಲಿ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿತು. ಆ ಹಣ ಕಟ್ಟುವ ಮೊದಲು ಕಾರನ್ನು ಎತ್ತಿಸಿ, ಹಿಂದಿನ ಸಸ್ಪೆನ್ಷನ್ ಮೈಗೆ ಬೋಲ್ಟ್ ಆಗುವ ಜಾಗಗಳನ್ನು ಸ್ಕ್ರೂಡ್ರೈವರಿನಿಂದ ಗಟ್ಟಿಯಾಗಿ ಚುಚ್ಚಿ ನೋಡಿ. ಟಣ್ ಎಂದರೆ ಹಣ ಕಟ್ಟಿ, ಪೈಪುಗಳನ್ನು ಬದಲಿಸುತ್ತ ಇರಿ. ಮೊನೆ ಒಳಗೆ ಹೋದರೆ ಗುಜರಿಯವರನ್ನು ಕರೆಯಿರಿ.