ನೂರು ಮೈಲಿ ಓಟ, ಒಂದು ಬಕಲ್

ಕಾಪುವಿನ ಓದುಗರಿಗೆ ನಮಸ್ಕಾರ. ಕ್ಯಾಲಿಫೋರ್ನಿಯಾದ ಟೆವಿಸ್ ಕಪ್ ಕುದುರೆ ಓಟದ ಬಗ್ಗೆ ನಾವು ಹಾಕಿದ್ದ ಟಿಪ್ಪಣಿ ಓದಿ ಸ್ವಲ್ಪ ಸಿಟ್ಟಿನಲ್ಲೇ ಬರೆದಿದ್ದೀರಿ. ‘ನಮ್ಮ ಕಂಬಳವನ್ನು ಹಿಂಸೆ ಅಂತ ಕೋರ್ಟಿಗೆ ಎಳೆದರು. ಅಲ್ಲಿ ಕುದುರೆಯನ್ನು ಒಂದೇ ದಿನ ನೂರು ಮೈಲಿ ಓಡಿಸಿದರೆ ಪ್ರತಿಷ್ಠೆಯಾ? ಅದೂ ಒಂದು ಬೆಲ್ಟ್ ಬಕಲ್‌ಗೋಸ್ಕರ?’

ಬಕಲ್ ವಿಷಯ ನಿಜ. ದುಡ್ಡಿನ ಬಹುಮಾನ ಇಲ್ಲ. 24 ಗಂಟೆಯೊಳಗೆ ಮುಗಿಸಿದವರಿಗೆಲ್ಲ ಬೆಳ್ಳಿಯ ಬಕಲ್. ನೂರು ಮೈಲಿ ಅಂದರೆ 160 ಕಿಲೋಮೀಟರ್, ಹೆಚ್ಚುಕಡಿಮೆ ಮಂಗಳೂರಿನಿಂದ ಮುರುಡೇಶ್ವರ. ಆದರೆ ಅದು ಹೈವೇ ಅಲ್ಲ, ಸಿಯೆರಾ ನೆವಾಡಾ ಬೆಟ್ಟಗಳ ಕಲ್ಲುದಾರಿ. ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಮುಟ್ಟುತ್ತಾರೆ.

ಶುರುವಾಗಿದ್ದು 1955ರಲ್ಲಿ. ಈಗಿನ ಕುದುರೆಗೂ ಇಷ್ಟು ದೂರ ದಿನದಲ್ಲಿ ಆಗುತ್ತದೆ ಅಂತ ಹಟ ಹಿಡಿದ ವೆಂಡೆಲ್ ರೋಬಿ, ಟಾಹೋ ಸರೋವರದ ಕಡೆಯಿಂದ ತನ್ನೂರು ಆಬರ್ನ್‌ಗೆ ಸವಾರಿ ಮಾಡಿ ತೋರಿಸಿದರು. ಟೆವಿಸ್ ಹೆಸರು ಆಮೇಲೆ ಬಂದದ್ದು.

ಹಿಂಸೆಯ ಪ್ರಶ್ನೆಗೆ ಬರೋಣ. ದಾರಿಯುದ್ದಕ್ಕೂ ಪಶುವೈದ್ಯರು ಕೂತಿರುತ್ತಾರೆ. ಕುದುರೆ ಬಂದ ಕೂಡಲೇ ಸ್ಟೆತಸ್ಕೋಪ್ ಇಟ್ಟು ಎದೆಬಡಿತ ಎಣಿಸುತ್ತಾರೆ. ಅದು ನಿಗದಿತ ಮಟ್ಟಕ್ಕೆ ಇಳಿಯುವ ತನಕ ಮುಂದೆ ಬಿಡುವುದಿಲ್ಲ. ಚರ್ಮ ಚಿವುಟಿ ಬಿಡುತ್ತಾರೆ, ತಕ್ಷಣ ಸರಿಯಾಗದಿದ್ದರೆ ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತ ಲೆಕ್ಕ. ವಸಡು ಒತ್ತಿ ನೋಡುತ್ತಾರೆ, ಹೊಟ್ಟೆಗೆ ಕಿವಿ ಕೊಡುತ್ತಾರೆ. ಕೊನೆಗೆ ಲಗಾಮು ಹಿಡಿದು ಸ್ವಲ್ಪ ದೂರ ಓಡಿಸಬೇಕು. ಕುಂಟಿತೋ, ಅಲ್ಲಿಗೆ ಮುಗಿಯಿತು. ಸವಾರ ಎಷ್ಟು ಕೂಗಾಡಿದರೂ ಅಷ್ಟೆ. ಗುರಿ ಮುಟ್ಟಿದ ಮೇಲೂ ಈ ಪರೀಕ್ಷೆ ಇದೆ. ಕುದುರೆ ಇನ್ನೂ ಮುಂದೆ ಹೋಗುವಂತಿದೆ ಅಂತ ವೈದ್ಯರು ಹೇಳಬೇಕು. ಇಷ್ಟೆಲ್ಲ ಇದ್ದರೂ ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ.

ನನ್ನ ಕೇಳಿದರೆ ಈ ಓಟದ ನಿಜವಾದ ಮರ್ಯಾದೆ ಮೊದಲು ಬಂದವರಿಗೆ ಕೊಡುವ ಟೆವಿಸ್ ಕಪ್‌ನಲ್ಲಿಲ್ಲ, ಹ್ಯಾಗಿನ್ ಕಪ್‌ನಲ್ಲಿದೆ. ಮೊದಲು ಬಂದ ಹತ್ತು ಕುದುರೆಗಳನ್ನು ಮರುದಿನ ಬೆಳಿಗ್ಗೆ ಮತ್ತೆ ನೋಡಿ, ಎಲ್ಲಕ್ಕಿಂತ ಗಟ್ಟಿಮುಟ್ಟಾಗಿರುವುದಕ್ಕೆ ಅದನ್ನು ಕೊಡುತ್ತಾರೆ. ಹತ್ತನೆಯದಾಗಿ ಬಂದ ಕುದುರೆಗೂ ಸಿಗಬಹುದು. ಅಲ್ಲಿನ ಹಳೇ ಸವಾರರು ಇದನ್ನೇ ಜಾಸ್ತಿ ಆಸೆಪಡುತ್ತಾರೆ ಅಂದರೆ ಆಶ್ಚರ್ಯವೇನು?

ಕಂಬಳದ ವಿಷಯದಲ್ಲಿ ನಿಮ್ಮ ನೋವು ಅರ್ಥವಾಗುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟ್ ಕಂಬಳಕ್ಕೆ ಅವಕಾಶ ಕೊಡುವ ನಮ್ಮ ರಾಜ್ಯದ ಕಾನೂನನ್ನು ಎತ್ತಿಹಿಡಿದ ಮೇಲೆ ಆ ಜಗಳ ಸಾಕು. ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಕೋಣ ಸಾಕುವವರಿಗೆ ಯಾರೂ ಪ್ರೀತಿ ಕಲಿಸಬೇಕಾಗಿಲ್ಲ. ಆದರೆ ಆ ಆರೈಕೆಗೇ ಅಂತ ಒಂದು ಬಹುಮಾನ ಯಾಕಿರಬಾರದು? ಫೈನಲ್ ಮುಗಿದು ಬೆಳಗಾದ ಮೇಲೆ, ಗೆದ್ದ ಸೋತ ಲೆಕ್ಕ ಬಿಟ್ಟು, ಕೋಣಗಳ ಕಾಲು, ಉಸಿರು, ಬೆನ್ನು ನೋಡಿ ಒಂದು ಜೋಡಿಯ ಯಜಮಾನರಿಗೆ ಶಾಲು ಹೊದಿಸಬಹುದಲ್ವಾ? ನಿಮ್ಮೂರಿನ ಕಂಬಳ ಸಮಿತಿಯವರ ಪರಿಚಯ ಇದ್ದರೆ ಈ ಮಾತನ್ನು ಅವರ ಕಿವಿಗೆ ಹಾಕಿ. ಏನಂದರು ಅಂತ ಬರೆಯಿರಿ, ಹಾಕುತ್ತೇವೆ.

– ಸಂಪಾದಕ